ಎಂಟೆಳೆ ಲಗಾಮು: ತಾತನ ಕಸುಬು, ನನ್ನ ಶನಿವಾರ

ವೈಟ್‌ಫೀಲ್ಡ್‌ನ ಯಾವುದಾದರೂ ಪೆಟ್ ಶಾಪ್‌ಗೆ ಹೋಗಿ ನೋಡಿ. ನಾಯಿಗಳು ಕಡಿಯೋಕೆ ಅಂತ ಬಿಳಿ ಬಣ್ಣದ, ಎರಡೂ ತುದಿಗೆ ಗಂಟು ಹಾಕಿದ ಮೂಳೆ ಥರದ್ದೊಂದನ್ನ ನೇತುಹಾಕಿರ್ತಾರೆ. ಅದು ಮೂಳೆ ಅಲ್ಲ. ಹಸಿ ಚರ್ಮವನ್ನು ಸುತ್ತಿ ಒಣಗಿಸಿದ್ದು. ಊರಹಬ್ಬದಲ್ಲಿ ತಮಟೆ ಬಾರಿಸೋಕೆ ಮೊದಲು ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸೋದನ್ನ ನೋಡಿದ್ದೀರಲ್ಲ? ಅದೂ ಇಂಥದೇ ಚರ್ಮ. ಗಾಳಿಯ ತೇವ ಹೀರಿಕೊಂಡು ಸಡಿಲಾಗಿರುತ್ತೆ. ಬಿಸಿ ತಾಗಿದ ಕೂಡಲೇ ಬಿಗಿದುಕೊಂಡು ನಾದ ಕೊಡುತ್ತೆ.

ಇದನ್ನು ದಾರದ ಹಾಗೆ ಸಣ್ಣಗೆ ಸೀಳಿ, ಜಡೆ ಹೆಣೆದ ಹಾಗೆ ಹೆಣೆದರೆ ಎತ್ತಿನ ಬಾರುಕೋಲಿಗೆ ಬಾರು ಆಗುತ್ತೆ, ಕುದುರೆಗೆ ಲಗಾಮು ಆಗುತ್ತೆ. ನಮ್ಮ ತಾತ ಜೀವನಪೂರ್ತಿ ಚರ್ಮ ಹೆಣೆದು, ಹೊಸೆದು ಬದುಕಿದವರು. ನಮ್ಮಪ್ಪ ಅದನ್ನ ಬಿಟ್ಟು ಪೀಣ್ಯಕ್ಕೆ ಬಂದವರು. ಕಂಪ್ಯೂಟರ್ ಸೈನ್ಸ್ ಓದಿ ಐಟಿಪಿಎಲ್ ಪಕ್ಕದ ಆಫೀಸಿನಲ್ಲಿ ಕೆಲಸ ಮಾಡೋ ನಾನು ಎರಡು ವರ್ಷದಿಂದ ಶನಿವಾರ ಊರಿಗೆ ಹೋಗಿ ಅದನ್ನೇ ಕಲೀತಿದ್ದೀನಿ. ಈ ಬರಹ ಆ ಕೆಲಸದ ಬಗ್ಗೆ. ಅದು ನಮ್ಮ ಮನೆ ಬಿಟ್ಟು ಹೋದದ್ದು ಯಾಕೆ ಅನ್ನೋದರ ಬಗ್ಗೆಯೂ.

ಹದ ಮಾಡಿದ್ದು, ಹದ ಮಾಡದ್ದು

ನಾವು ಹಾಕೋ ಶೂ, ಬೆಲ್ಟು, ಕೈಲಿರೋ ಪರ್ಸು ಎಲ್ಲ ಹದ ಮಾಡಿದ ಚರ್ಮ. ಪ್ರಾಣಿಯ ತೊಗಲು ಅಂದ್ರೆ ಮುಖ್ಯವಾಗಿ ಕೊಲಾಜೆನ್ ಅನ್ನೋ ಪ್ರೋಟೀನಿನ ನಾರುಗಳು, ಬಲೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರ್ತವೆ. ಹಾಗೇ ಬಿಟ್ಟರೆ ಕೊಳೆಯುತ್ತೆ. ನಮ್ಮ ಕಡೆ ಹಿಂದೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿ, ಜಾಲಿ ತೊಗಟೆ ನೆನೆಹಾಕಿದ ನೀರಲ್ಲಿ ಚರ್ಮವನ್ನು ವಾರಗಟ್ಟಲೆ ಇಡ್ತಿದ್ರು. ಕಡಕ್ ಚಹಾ ಕುಡಿದಾಗ ನಾಲಿಗೆ ಒಗರಾಗುತ್ತಲ್ಲ, ಆ ಒಗರಿನ ಅಂಶವೇ ನಾರುಗಳ ನಡುವೆ ಹೋಗಿ ಕೂತು ಅವನ್ನು ಕಟ್ಟಿಹಾಕುತ್ತೆ. ಆಮೇಲೆ ನೀರು ಬಿದ್ದರೂ ಸುಲಭಕ್ಕೆ ಕೊಳೆಯಲ್ಲ. ಈಗ ಜಗತ್ತಿನ ಬಹುಪಾಲು ಚರ್ಮವನ್ನು ಕ್ರೋಮಿಯಂ ಉಪ್ಪಿನಿಂದ ಹದ ಮಾಡ್ತಾರೆ. ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತೆ.

ಹಸಿ ಚರ್ಮಕ್ಕೆ ಇದ್ಯಾವುದೂ ಇಲ್ಲ. ಸುಣ್ಣದ ನೀರಲ್ಲಿ ನೆನೆಸಿ ಕೂದಲು ಸಡಿಲ ಮಾಡ್ತಾರೆ. ಕೂದಲು, ಒಳಗಿನ ಮಾಂಸದ ಪೊರೆ ಎರಡನ್ನೂ ಹೆರೆದು ತೆಗೀತಾರೆ. ಚೆನ್ನಾಗಿ ತೊಳೆದು, ಗೂಟ ಹೊಡೆದು ಎಳೆದು ಕಟ್ಟಿ ಒಣಗಿಸ್ತಾರೆ. ಅಷ್ಟೇ. ಒಣಗಿದ ಮೇಲೆ ಹಲಗೆಯಷ್ಟು ಗಟ್ಟಿ. ಮತ್ತೆ ನೀರು ತಾಗಿಸಿದರೆ ಬಟ್ಟೆಯಷ್ಟು ಮೆತ್ತಗೆ.

ಹೆಣೆಯೋರಿಗೆ ಬೇಕಾಗಿರೋದು ಈ ಗುಣವೇ. ತೇವ ಇರುವಾಗ ಹೆಣೆದು ಬಿಗಿದರೆ, ಒಣಗ್ತಾ ಒಣಗ್ತಾ ಅದು ತಾನೇ ಇನ್ನಷ್ಟು ಬಿಗಿಯಾಗಿ ಕೂರುತ್ತೆ. ಗೋಂದು ಬೇಡ, ಮೊಳೆ ಬೇಡ. ಆದರೆ ಇದಕ್ಕೆ ನೀರು ಶತ್ರು, ಇಲಿ ಶತ್ರು, ಬೀದಿ ನಾಯಿ ಅಂತೂ ಪರಮ ಶತ್ರು. ಬಿಸಿನೀರೂ ಆಗಲ್ಲ: ಸುಮಾರು 60-65 ಡಿಗ್ರಿ ಬಿಸಿಗೇ ಒದ್ದೆ ಹಸಿ ಚರ್ಮ ಮುದುಡಿ ಹಾಳಾಗುತ್ತೆ. ಕ್ರೋಮ್ ಹದದ ಚರ್ಮ ಹೆಚ್ಚೂಕಡಿಮೆ ಕುದಿಯೋ ನೀರಿನ ಬಿಸಿಯನ್ನೂ ತಡೆಯುತ್ತೆ.

ಕಣದಲ್ಲಿ ಪಾಲು, ಪಡಸಾಲೆಗೆ ಪ್ರವೇಶ ಇಲ್ಲ

ನಮ್ಮೂರು ಕುಣಿಗಲ್ ಸೀಮೆಯದು. ನಾವು ಮಾದಿಗರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆಯಗಾರಿಕೆ ಅಂತ ಒಂದು ವ್ಯವಸ್ಥೆ ಇತ್ತು. ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ, ಮಾದಿಗ ಹೀಗೆ ಊರಿಗೆ ಕೆಲಸ ಮಾಡಿಕೊಡೋರಿಗೆ ಸುಗ್ಗಿಯಲ್ಲಿ ಕಣದಿಂದ ರಾಗಿಯ ಪಾಲು. ನಮ್ಮ ಪಾಲಿನ ಕೆಲಸ ಚರ್ಮದ್ದು. ಮೆಟ್ಟು, ನೇಗಿಲಿಗೆ ಕಟ್ಟೋ ಮಿಣಿ, ನೊಗಕ್ಕೆ ಬಿಗಿಯೋ ಪಟ್ಟಿ, ಬಾರುಕೋಲು. ಕಪಿಲೆ ಬಾವಿ ಇದ್ದ ಕಾಲದಲ್ಲಿ ನೀರೆತ್ತೋ ದೊಡ್ಡ ತೊಗಲಿನ ಚೀಲವೂ ನಮ್ಮದೇ ಕೈದು. ಎತ್ತುಗಳು ಇಳಿಜಾರಿನಲ್ಲಿ ಇಳಿದಷ್ಟೂ ಮಿಣಿ ಎಳೆದು ಚೀಲ ಮೇಲೆ ಬರುತ್ತೆ. ಮಿಣಿ ಕಿತ್ತರೆ ಅವತ್ತು ತೋಟಕ್ಕೆ ನೀರಿಲ್ಲ.

ಅಂದ್ರೆ ಊರಿನ ಬೇಸಾಯದ ಅರ್ಧ ಭಾರ ಈ ಹೆಣಿಗೆಯ ಮೇಲೆ ನಿಂತಿತ್ತು. ಆದರೆ ಹೆಣೆದವರು ಪಡಸಾಲೆ ಹತ್ತೋ ಹಾಗಿರಲಿಲ್ಲ. ಸತ್ತ ದನ ಎತ್ತೋದೂ ನಮ್ಮ ಪಾಲಿಗೇ. ಅದನ್ನ ಬೇಡ ಅನ್ನೋ ಸ್ವಾತಂತ್ರ್ಯ ಇರಲಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರು ಅನ್ನೋ ಕಥೆ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಅದೇ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಮದುವೆ ಊರಿಗೆ ಊರನ್ನೇ ಹೊತ್ತಿಸಿತು ಅನ್ನೋದನ್ನ ಮಾತ್ರ ಬೇಗ ದಾಟಿಕೊಂಡು ಹೋಗ್ತೀವಿ.

ಆಮೇಲೆ ಪಂಪ್‌ಸೆಟ್ ಬಂತು, ಕಪಿಲೆ ಹೋಯ್ತು. ನೈಲಾನ್ ಹಗ್ಗ ಬಂತು, ಮಿಣಿ ಹೋಯ್ತು. ಟ್ರ್ಯಾಕ್ಟರ್ ಬಂತು, ಎತ್ತೇ ಕಡಿಮೆಯಾದವು. ಅಪ್ಪ 1980ರ ದಶಕದಲ್ಲಿ ಬಸ್ ಹತ್ತಿ ಪೀಣ್ಯಕ್ಕೆ ಬಂದು, ಹೆಲ್ಪರ್ ಆಗಿ ಸೇರಿ ಲೇತ್ ಕಲಿತು, ಅದರಲ್ಲೇ ರಿಟೈರ್ ಆದರು. ದಾಸರಹಳ್ಳಿಯ ನಮ್ಮ ಮನೇಲಿ ಚರ್ಮದ ಮಾತೇ ಬರ್ತಿರಲಿಲ್ಲ. ನನಗೆ ತಾತನ ಕಸುಬು ಸರಿಯಾಗಿ ಗೊತ್ತಾಗಿದ್ದೇ ಇಂಜಿನಿಯರಿಂಗ್ ಮುಗಿದ ಮೇಲೆ.

ಒಂದು ಫೋಟೋ, ಒಂದು ಪ್ರಶ್ನೆ

ನನ್ನ ಟೀಮಿನಲ್ಲೊಬ್ಬಳು ವೀಕೆಂಡಿನಲ್ಲಿ ಸರ್ಜಾಪುರದ ಕಡೆ ಕುದುರೆ ಸವಾರಿ ಕಲೀತಾಳೆ. ಒಂದಿನ ಕ್ಯಾಂಟೀನಿನಲ್ಲಿ ಫೋನ್ ತೋರಿಸಿದಳು. ಅರ್ಜೆಂಟೀನಾದಲ್ಲಿ ಕೈಯಲ್ಲಿ ಹೆಣೆದ ಒಂದು ಜೊತೆ ಲಗಾಮು. ಬೆಲೆ ನನ್ನ ಬೈಕಿನ ನಾಲ್ಕು ತಿಂಗಳ ಇಎಂಐನಷ್ಟು. "ಬರೀ ಚರ್ಮದ ಜಡೆ ಅಲ್ವೇನೋ, ಇಲ್ಲೇ ಯಾರೂ ಮಾಡಲ್ವಾ?" ಅಂದಳು.

ನಮ್ಮ ದೊಡ್ಡಪ್ಪ ಊರಲ್ಲೇ ಇದ್ದಾರೆ. ಎಪ್ಪತ್ತು ದಾಟಿದೆ. ಈಗಲೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ, ಸಿದ್ಧಗಂಗೆ ಜಾತ್ರೆಗೆ ಅಂತ ಒಂದಿಷ್ಟು ಬಾರುಕೋಲು ಮಾಡ್ತಾರೆ. ಪಕ್ಷದ ಹಬ್ಬಕ್ಕೆ ಹೋದಾಗ ಆ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ, ಕಣ್ಣ ಹತ್ತಿರ ಹಿಡಿದು ನೋಡಿದರು.

"ಎಂಟೆಳೆ ಕಣ್ಲಾ. ಒಳಗೆ ದಿಂಡು ಹಾಕಿ ಮೇಲೆ ಹೆಣ್ದವ್ರೆ. ಹಸೀ ಚರ್ಮ."

"ಇದು ಯಾವ್ ದೇಶ್ದು ಗೊತ್ತಾ ದೊಡ್ಡಪ್ಪ?"

"ಯಾವ್ದಾದ್ರೆ ಏನು, ಕೈ ಒಂದೇ. ಅದಿರ್ಲಿ, ಕುದ್ರೆ ನೀರು ಕುಡಿಯುವಾಗ ಏನ್ ಮಾಡ್ತಾರ್ಲಾ?"

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕುದುರೆ ತೊಟ್ಟಿಗೆ ಬಾಯಿ ಹಾಕಿದರೆ ಕಡಿವಾಣ ನೀರಲ್ಲಿ ಮುಳುಗುತ್ತೆ. ಅದಕ್ಕೆ ಕಟ್ಟಿದ ಲಗಾಮಿನ ತುದಿಯೂ ಒದ್ದೆ ಆಗುತ್ತೆ. ಒದ್ದೆಯಾದ ಹಸಿ ಚರ್ಮ ಎಳೆದರೆ ಉದ್ದ ಆಗುತ್ತೆ, ಹೆಣಿಗೆ ಸಡಿಲ ಆಗುತ್ತೆ. ಮತ್ತೆ ಫೋಟೋ ದೊಡ್ಡದು ಮಾಡಿ ನೋಡಿದೆವು. ಕಡಿವಾಣಕ್ಕೂ ಲಗಾಮಿಗೂ ನಡುವೆ ಒಂದು ಗೇಣಿನಷ್ಟು ಕಬ್ಬಿಣದ ಸರಪಳಿ ಇತ್ತು. "ಬುದ್ಧಿ ಓಡ್ಸವ್ರೆ" ಅಂತ ದೊಡ್ಡಪ್ಪ ತಲೆಯಾಡಿಸಿದರು.

ಆಮೇಲೆ ಓದಿದಾಗ ಗೊತ್ತಾಯ್ತು, ಕ್ಯಾಲಿಫೋರ್ನಿಯಾದ ಹಳೇ ದನಗಾಹಿ ಸವಾರರು ಆ ಸರಪಳಿ ಬಳಸುತ್ತಿದ್ದದ್ದಕ್ಕೆ ಒಂದು ಕಾರಣ ಅದೇ. ಅರ್ಜೆಂಟೀನಾದ ಗೌಚೋಗಳು, ಮೆಕ್ಸಿಕೋದ ಸವಾರರು ಇವತ್ತಿಗೂ ಹಸಿ ಚರ್ಮ ಹೆಣೆದು ಲಗಾಮು, ಚಾವಟಿ, ದನ ಹಿಡಿಯೋ ಹಗ್ಗ ಮಾಡ್ತಾರೆ. ಇಂಗ್ಲಿಷಿನ ಲ್ಯಾರಿಯಟ್ ಅನ್ನೋ ಪದವೇ ಆ ಚರ್ಮದ ಹಗ್ಗದ ಸ್ಪ್ಯಾನಿಷ್ ಹೆಸರು ಲಾ ರಿಯಾಟಾದಿಂದ ಬಂದದ್ದು. ಅಲ್ಲಿ ಒಳ್ಳೇ ಹೆಣಿಗೆಗಾರನಿಗೆ ಊರಲ್ಲಿ ಹೆಸರಿದೆ, ಅವನ ಕೆಲಸ ನೋಡಿದ್ರೇನೆ ಇಂಥವನದು ಅಂತ ಗುರುತಿಸ್ತಾರೆ.

ನಮ್ಮ ದೊಡ್ಡಪ್ಪನ ಕೆಲಸ ಜಾತ್ರೆಯಲ್ಲಿ ಗುಡ್ಡೆ ಹಾಕಿ ಮಾರಾಟ ಆಗುತ್ತೆ.

ಹೆಣಿಗೆಯ ಲೆಕ್ಕ

ಮೊದಲು ಚರ್ಮ ಆರಿಸೋದು. ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಹಾಗಾಗಿ ದಪ್ಪ ಕೆಲಸಕ್ಕೆ ಎಮ್ಮೆ ಚರ್ಮ, ನಾಜೂಕು ಕೆಲಸಕ್ಕೆ ಮೇಕೆ ಚರ್ಮ. ಹೊಟ್ಟೆ, ಕುತ್ತಿಗೆಯ ಭಾಗ ಎಳೆದರೆ ಹಿಗ್ಗುತ್ತೆ; ಲಗಾಮಿಗೆ ಬೆನ್ನಿನ ಭಾಗವೇ ಬೇಕು.

ಆಮೇಲೆ ಎಳೆ ಸೀಳೋದು. ಇಲ್ಲೇ ನನಗೆ ಮೊದಲ ಆಶ್ಚರ್ಯ. ಉದ್ದನೆ ಎಳೆಗೆ ಉದ್ದನೆ ಚರ್ಮ ಬೇಕಾಗಿಲ್ಲ. ದುಂಡಗೆ ಒಂದು ಬಿಲ್ಲೆ ಕತ್ತರಿಸಿಕೊಂಡು, ಸೇಬಿನ ಸಿಪ್ಪೆ ಸುಲಿದ ಹಾಗೆ ಅಂಚಿನಿಂದ ಸುತ್ತ ಸುತ್ತ ಒಳಕ್ಕೆ ಸೀಳುತ್ತಾ ಹೋಗಬೇಕು. 30 ಸೆಂ.ಮೀ. ಅಡ್ಡಳತೆಯ ಬಿಲ್ಲೆಯಿಂದ 5 ಮಿ.ಮೀ. ಅಗಲದ ಎಳೆ ತೆಗೆದರೆ ಲೆಕ್ಕದ ಪ್ರಕಾರ 14 ಮೀಟರ್ ಬರುತ್ತೆ! ವಿಸ್ತೀರ್ಣವನ್ನು ಅಗಲದಿಂದ ಭಾಗಿಸಿ ನೋಡಿ. ದೊಡ್ಡಪ್ಪ ಈ ಲೆಕ್ಕ ಮಾಡಲ್ಲ. ಬಿಲ್ಲೆ ನೋಡಿ "ಎರಡ್ ಬಾರ್ಕೋಲ್‌ಗಾಯ್ತದೆ" ಅಂತಾರೆ, ಆಗುತ್ತೆ.

ಅವರ ಸಾಧನ ಒಂದು ಮರದ ಹಲಗೆ, ಅದಕ್ಕೆ ನಾಟಿದ ಒಂದು ಚೂರಿ. ಹೆಬ್ಬೆರಳಿನ ಉಗುರೇ ಸ್ಕೇಲು. ಬಲಗೈಯಲ್ಲಿ ಎಳೆ ಎಳೀತಾರೆ, ಎಡಗೈ ಬಿಲ್ಲೆ ತಿರುಗಿಸುತ್ತೆ. ಎಳೆಯ ಅಗಲ ಎಲ್ಲೂ ಹೆಚ್ಚುಕಮ್ಮಿ ಆಗಲ್ಲ. ಆಮೇಲೆ ರಂಪಿಗೆಯಲ್ಲಿ, ಅಂದ್ರೆ ಚರ್ಮ ಹೆರೆಯೋ ಅಗಲ ಬಾಯಿಯ ಕತ್ತಿಯಲ್ಲಿ, ಪ್ರತಿ ಎಳೆಯ ಅಂಚನ್ನೂ ಓರೆಯಾಗಿ ಹೆರೀಬೇಕು. ಚೂಪು ಅಂಚು ಉಳಿದರೆ ಪಕ್ಕದ ಎಳೆಯನ್ನು ಕೊಯ್ಯುತ್ತೆ, ಸವಾರರ ಕೈಯನ್ನೂ ಕೊಯ್ಯುತ್ತೆ.

ಮೂರನೆಯದು ತೇವ. ಇದನ್ನ ಯಾವ ವಿಡಿಯೋನೂ ಕಲಿಸಲ್ಲ. ತೀರಾ ಒದ್ದೆ ಇದ್ದರೆ ಹೆಣೆಯುವಾಗ ಬಿಗಿ ಅನ್ಸುತ್ತೆ, ಒಣಗಿದ ಮೇಲೆ ಎಳೆ ಸಣ್ಣಗಾಗಿ ನಡುವೆ ಸಂದು ಬೀಳುತ್ತೆ. ಒಣಗಿದ್ದರೆ ಬಾಗಲ್ಲ, ಸೀಳುತ್ತೆ. ಎಳೆಯನ್ನ ನೆನೆಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಸುತ್ತಿಟ್ಟು, ಬೆಳಗ್ಗೆ ಗಾಳಿಗೆ ಬಿಟ್ಟು ಕಾಯಬೇಕು. "ತುಟಿಗ್ ಮುಟ್ಸುದ್ರೆ ತಣ್ಣಗಿರ್ಬೇಕು, ಒದ್ದೆ ಇರ್ಬಾರ್ದು" ಅನ್ನೋದು ದೊಡ್ಡಪ್ಪನ ಪರೀಕ್ಷೆ.

ಕೊನೆಗೆ ಹೆಣಿಗೆ. ತಲೆ ಬಾಚಿ ಹಾಕೋ ಜಡೆ ಮೂರೆಳೆ, ಚಪ್ಪಟೆ. ಲಗಾಮಿನದು ಎಂಟೆಳೆ, ದುಂಡು. ನಾಲ್ಕೆಳೆ ಬಲಕ್ಕೆ, ನಾಲ್ಕೆಳೆ ಎಡಕ್ಕೆ. ಹೊರಗಿನ ಎಳೆಯನ್ನು ಹಿಂದಿನಿಂದ ಸುತ್ತಿ ಆ ಕಡೆಗೆ ತಂದು, ಎರಡರ ಕೆಳಗೆ, ಎರಡರ ಮೇಲೆ ಹಾಯಿಸಿ ತನ್ನ ಕಡೆಗೇ ವಾಪಸ್. ಆಮೇಲೆ ಇನ್ನೊಂದು ಕಡೆಯಿಂದ ಅದೇ. ಇಷ್ಟೇ ನಿಯಮ, ಸಾವಿರ ಸಲ. ನಡುವೆ ದಿಂಡಾಗಿ ಇನ್ನೊಂದು ಚರ್ಮದ ಹುರಿ ಇರುತ್ತೆ. ಪ್ರತಿ ಎಳೆತವೂ ಒಂದೇ ಬಿಗಿ ಇರಬೇಕು. ಸಿಟ್ಟಲ್ಲಿ ಕೂತರೆ ಹೆಣಿಗೆ ಗೊತ್ತು ಮಾಡಿಕೊಡುತ್ತೆ.

ಒಂದು ಜೊತೆ ಲಗಾಮಿಗೆ ನಾನು ಹಾಕಿದ ಲೆಕ್ಕ ಹೀಗಿದೆ. ಪ್ರತಿಯೊಂದರ ಉದ್ದ 2.1 ಮೀಟರ್. ಹೆಣೆದಾಗ ಉದ್ದ ಕುಗ್ಗೋದರಿಂದ ಎಳೆ ಮೂರನೇ ಒಂದು ಪಾಲು ಹೆಚ್ಚಿಗೆ, ಅಂದ್ರೆ 2.8 ಮೀಟರ್. ಎಂಟೆಳೆ, ಎರಡು ಲಗಾಮು: ಒಟ್ಟು 45 ಮೀಟರ್ ಹತ್ತಿರ. 4 ಮಿ.ಮೀ. ಅಗಲ ಅಂದ್ರೆ ಸುಮಾರು 1,800 ಚದರ ಸೆಂಟಿಮೀಟರ್ ಚರ್ಮ, 42 ಸೆಂ.ಮೀ. ಉದ್ದಗಲದ ಒಂದು ಚೌಕ. ವೇಸ್ಟೇಜ್ ಬೇರೆ. ಹೆಣೆದಾದ ಮೇಲೆ ಹಲಗೆಯ ಕೆಳಗೆ ಉರುಳಿಸಿ ದುಂಡು ಮಾಡಿ, ನೆರಳಲ್ಲಿ ಒಣಗಿಸಿ, ಹರಳೆಣ್ಣೆ ತಿಕ್ಕೋದು. ತಾತನ ಕಾಲದಲ್ಲಿ ಕೊಬ್ಬು ತಿಕ್ಕುತ್ತಿದ್ದರಂತೆ.

ಬಾರುಕೋಲಿನದು ಇನ್ನೊಂದು ಚಮತ್ಕಾರ. ಹಿಡಿಯ ಹತ್ತಿರ ದಪ್ಪ, ಹೋಗ್ತಾ ಹೋಗ್ತಾ ಒಂದೊಂದೇ ಎಳೆ ಬಿಟ್ಟು ಸಣ್ಣ ಮಾಡ್ತಾರೆ. ಬೀಸಿದಾಗ ಅಲೆ ತುದಿಗೆ ಹೋದಷ್ಟೂ ವೇಗ ಏರುತ್ತೆ. ಗಾಳಿಯಲ್ಲಿ 'ಛಟೀರ್' ಅನ್ನೋ ಸದ್ದು ಬರೋದು ತುದಿ ಶಬ್ದದ ವೇಗ ಮೀರಿದಾಗ. ಅಂದ್ರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗಿಂತ ಹೆಚ್ಚು. ಯುದ್ಧವಿಮಾನಕ್ಕಿಂತ ಎಷ್ಟೋ ಮೊದಲು ಮನುಷ್ಯ ಶಬ್ದವನ್ನು ಹಿಂದೆ ಹಾಕಿದ್ದು ಚರ್ಮದ ಜಡೆಯಿಂದ. ಒಳ್ಳೇ ರೈತ ಅದನ್ನ ಎತ್ತಿಗೆ ಹೊಡೆಯಲ್ಲ, ಗಾಳಿಗೆ ಹೊಡೀತಾನೆ. ಸದ್ದಿಗೇ ಎತ್ತು ಹೆಜ್ಜೆ ಹಾಕುತ್ತೆ. ರೈತ ಸಂಘದವರು ಬೆಂಗಳೂರಿಗೆ ಬಂದು ಬಾರುಕೋಲು ಚಳವಳಿ ಮಾಡಿದಾಗ ರಸ್ತೆಯಲ್ಲಿ ಕೇಳಿಸಿದ್ದೂ ಈ ಸದ್ದೇ.

ಕುದುರೆ ಇಲ್ಲಿಗೆ ಹೊಸದಲ್ಲ

ಕುದುರೆ ಅಂದ್ರೆ ನಮ್ಮಲ್ಲಿ ದುಡ್ಡಿರೋರ ವೀಕೆಂಡ್ ಶೋಕಿ ಅನ್ನೋ ಭಾವನೆ ಇದೆ. ಆದರೆ ನಮ್ಮೂರ ಪಕ್ಕದ ಕುಣಿಗಲ್‌ನಲ್ಲಿ 400 ಎಕರೆ ದಾಟಿದ ಕುದುರೆ ಫಾರಂ ಇದೆ. ಟಿಪ್ಪು ಕಾಲದಿಂದ ದಂಡಿಗೆ ಕುದುರೆ ಸಾಕಿದ ಜಾಗ ಅಂತಲೇ ಅದರ ಹೆಸರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಸವಾರರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು; ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಮೊನ್ನೆ ಮೊನ್ನೆ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿ ಬಂದ ಸವಾರ ಫವಾದ್ ಮಿರ್ಜಾ ಬೆಂಗಳೂರಿನವರು.

ಕುದುರೆ ಇದ್ದಲ್ಲಿ ಜೀನು, ಲಗಾಮು, ರಿಕಾಪಿನ ಪಟ್ಟಿ ಹೊಲಿಯೋರು ಇರಲೇಬೇಕು. ಉತ್ತರ ಕರ್ನಾಟಕದಲ್ಲಿ ಜೀನಗಾರ ಅನ್ನೋ ಮನೆತನದ ಹೆಸರು ಕೇಳಿರ್ತೀರಿ. ಜೀನು ಮಾಡೋರು ಅಂತಲೇ ಅದರ ಅರ್ಥ. ದಂಡು ಹೋಯ್ತು, ಕೈ ಬೇರೆ ಕೆಲಸ ಹಿಡೀತು. ಗೋಕಾಕದ ಬಣ್ಣದ ಮರದ ಗೊಂಬೆ ಮಾಡೋರಲ್ಲಿ ಜೀನಗಾರರಿದ್ದಾರೆ. ದೇಶಕ್ಕೆ ಈಗ ಕುದುರೆ ಸಾಮಾನಿನ ದೊಡ್ಡ ಊರು ಕಾನ್ಪುರ. 1860ರ ದಶಕದಲ್ಲಿ ಬ್ರಿಟಿಷರು ಸೈನ್ಯಕ್ಕಾಗಿ ಅಲ್ಲಿ ಜೀನಿನ ಕಾರ್ಖಾನೆ ಹಾಕಿದರು, ಅದರ ಸುತ್ತ ಊರಿಗೂರೇ ಕಲಿತುಕೊಂಡಿತು. ಕಾನ್ಪುರದ ಜೀನಿಗೆ ಜಿಐ ಗುರುತೂ ಇದೆ.

ಜೀನು, ಲಗಾಮಿನ ಪಟ್ಟಿಗಳಲ್ಲಿ ಕೈಹೊಲಿಗೆಗೆ ಇವತ್ತಿಗೂ ಬೆಲೆ ಇರೋದಕ್ಕೆ ಕಾರಣ ಇದೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರು ಹಾಯುತ್ತೆ. ಒಂದು ಹೊಲಿಗೆ ಸವೆದು ಕಿತ್ತರೂ ಇನ್ನೊಂದು ಎಳೆ ಹಿಡಿದಿರುತ್ತೆ. ಮೆಷಿನ್ ಹೊಲಿಗೆ ಒಂದು ಕಡೆ ಕಿತ್ತರೆ ಬಿಚ್ಚಿಕೊಂಡು ಹೋಗೋ ಸಾಧ್ಯತೆ ಹೆಚ್ಚು. ಓಡೋ ಕುದುರೆಯ ಮೇಲೆ ಕೂತವರಿಗೆ ಇದು ಅಲಂಕಾರದ ವಿಷಯ ಅಲ್ಲ, ಪ್ರಾಣದ ವಿಷಯ.

ಅಪ್ಪ ಕೇಳಿದ್ದು

ಮೊದಲ ಸಲ ಎಳೆಗಳ ಸುರುಳಿ ತಂದು ಬಾಲ್ಕನಿಯಲ್ಲಿ ಒಣಹಾಕಿದಾಗ ಅಪ್ಪ ಮಾತಾಡಲಿಲ್ಲ. ಅಮ್ಮ "ಒಳಗ್ ತರ್ಬೇಡ ಕಣಪ್ಪ" ಅಂದಳು ಅಷ್ಟೇ. ಮೂರನೇ ವಾರ ಅಪ್ಪ ಟಿ.ವಿ. ಆಫ್ ಮಾಡಿ ಕೇಳಿದರು.

"ಇದನ್ನ ಬಿಡ್ಸೋಕೆ ನಿನ್ನ ಓದಿಸ್ದೆ. ಈಗ ನೀನೇ ಹೋಗಿ ತರ್ತೀಯ?"

ಇದೊಂದು ಕಲೆ, ಹೊರದೇಶದಲ್ಲಿ ಇದಕ್ಕೆ ಎಷ್ಟು ಬೆಲೆ ಗೊತ್ತಾ ಅಂತ ನಾನು ಶುರು ಮಾಡಿದೆ. ಅಪ್ಪ ಅಲ್ಲೇ ತಡೆದರು.

"ನಿಂಗದು ಕಲೆ. ಯಾಕಂದ್ರೆ ನಿನ್ನ ಬ್ಯಾಗಲ್ಲಿ ಲ್ಯಾಪ್‌ಟಾಪ್ ಐತೆ. ನಮ್ಮಪ್ಪನ ಕೈಲಿ ಬರೀ ಚರ್ಮ ಇತ್ತು. ಅದಕ್ಕೆ ಅವನ ಕೈಗೆ ನೀರನ್ನ ಮೇಲಿಂದ ಹುಯ್ಯೋರು."

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕೋರಮಂಗಲದಲ್ಲಿ ಲೆದರ್ ವರ್ಕ್‌ಶಾಪ್ ಮಾಡಿ ಇನ್‌ಸ್ಟಾದಲ್ಲಿ ಹಾಕೋರನ್ನ ಯಾರೂ ಜಾತಿ ಕೇಳಲ್ಲ. ನಾವು ಹಿಂದೆ ಬಾಡಿಗೆ ಮನೆ ಹುಡುಕುವಾಗ ಊರು ಯಾವುದು, ಕೇರಿ ಯಾವುದು ಅಂತ ಸುತ್ತಿಬಳಸಿ ಕೇಳಿ, ಆಮೇಲೆ "ಮನೆ ಬೇರೆಯವರಿಗೆ ಆಯ್ತು" ಅಂದವರು ಇದ್ದಾರೆ. ಅದೇ ಚರ್ಮ, ಅದೇ ಕೈಕೆಲಸ. ಕೆಲವರಿಗೆ ಹಾಬಿ, ಕೆಲವರಿಗೆ ಕಳಂಕ. ಅಪ್ಪ ಓಡಿ ಬಂದದ್ದು ಕೆಲಸದಿಂದಲ್ಲ, ಆ ಕಳಂಕದಿಂದ. ಅದು ಅರ್ಥ ಆಗದೆ "ನಮ್ಮ ಪರಂಪರೆ ಉಳಿಸಬೇಕು" ಅಂತ ಭಾಷಣ ಮಾಡೋದು ಸುಲಭ. ಪರಂಪರೆ ಉಳಿಯಲಿ ಅನ್ನೋರು ಯಾರೂ ತಮ್ಮ ಮಗನನ್ನ ಸತ್ತ ದನ ಎತ್ತೋಕೆ ಕಳಿಸಲ್ಲ.

ಅಪ್ಪ ಇವತ್ತಿಗೂ ಚರ್ಮ ಮುಟ್ಟಲ್ಲ. ಆದರೆ ಒಂದು ಸಂಗತಿ ನಡೀತು. ನಾನು ಸೀಳಿದ ಎಳೆಗಳು ಒಂದು ಕಡೆ 4 ಮಿ.ಮೀ., ಇನ್ನೊಂದು ಕಡೆ 6 ಬರ್ತಿತ್ತು. ಅಪ್ಪ ದೂರದಿಂದಲೇ ನೋಡ್ತಿದ್ದರು. ಒಂದಿನ ಹಳೇ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಡ್ರಾಯಿಂಗ್ ಬರೆದರು. ಪೀಣ್ಯದಲ್ಲಿ ಅವರ ಜೊತೆ ಕೆಲಸ ಮಾಡಿದವರೊಬ್ಬರ ಸಣ್ಣ ವರ್ಕ್‌ಶಾಪಿದೆ. ಅಲ್ಲಿಗೆ ಹೋಗಿ ಉಕ್ಕಿನದೊಂದು ಗೈಡ್ ಮಾಡಿಸಿಕೊಂಡು ಬಂದರು. ಒಂದು ಸೀಳಿನಲ್ಲಿ ಬ್ಲೇಡ್ ಕೂರುತ್ತೆ, ಸ್ಕ್ರೂ ತಿರುಗಿಸಿದರೆ ಅಗಲ ಬದಲಾಗುತ್ತೆ. "ನಾನ್ ಚರ್ಮ ಮುಟ್ಟಲ್ಲ. ಕಬ್ಣ ಮುಟ್ಟೋಕೇನು" ಅಂದರು. ದೊಡ್ಡಪ್ಪನಿಗೆ ತೋರಿಸಿದಾಗ ನಕ್ಕರು. ಅವರಿಗೆ ಉಗುರೇ ಸಾಕು. ಆದರೆ ಮುಂದಿನ ವಾರ ಫೋನ್ ಮಾಡಿ, "ಆ ಕಬ್ಣದ್ದು ಇನ್ನೊಂದ್ ಮಾಡ್ಸು ಅಂತ ನಿಮ್ಮಪ್ಪಂಗೇಳು. ಕಣ್ಣು ಮಂಜಾಗ್ತಾ ಅದೆ" ಅಂದರು. ಅಣ್ಣತಮ್ಮ ಇಬ್ಬರೂ ಈ ಕೆಲಸದ ಬಗ್ಗೆ ಮಾತಾಡಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು ಅಂತ ಅಮ್ಮ ಹೇಳಿದಳು.

ಬೆಲೆ ಯಾರಿಗೆ, ಹೆಸರು ಯಾರಿಗೆ

ನಾನೂ ದೊಡ್ಡಪ್ಪನೂ ಸೇರಿ ಮಾಡಿದ ಮೊದಲ ಜೊತೆ ಲಗಾಮಿಗೆ ಒಟ್ಟು 46 ಗಂಟೆ ಹಿಡೀತು. ಅದರಲ್ಲಿ ನನ್ನ ಪಾಲು ಬಿಚ್ಚಿ ಮತ್ತೆ ಹೆಣೆದದ್ದೇ ಜಾಸ್ತಿ. ಹೆಣಿಗೆ ಮುಗಿದ ಮೇಲೆ ದೊಡ್ಡಪ್ಪ ಅದಕ್ಕೆ ಬೀಸೋಕಲ್ಲು ಕಟ್ಟಿ ರಾತ್ರಿಯಿಡೀ ನೇತುಹಾಕಿದ್ದರು. ಬೆಳಗ್ಗೆ ಉದ್ದ ಅಳೆದು, ಬೆರಳಲ್ಲಿ ಸಂದು ಹುಡುಕಿ, ಆಮೇಲೆ "ಕೊಡು" ಅಂದರು.

ಗೆಳತಿ ಎಷ್ಟು ಅಂತ ಕೇಳಿದಳು. ದೊಡ್ಡಪ್ಪ ಹೇಳಿದ್ದು ಎಂಟುನೂರು ರೂಪಾಯಿ. ಚರ್ಮದ ದುಡ್ಡು ಕಳೆದರೆ ಗಂಟೆಗೆ ಹದಿನೈದು ರೂಪಾಯಿಯೂ ಬೀಳಲ್ಲ. ಜಾತ್ರೆಯಲ್ಲಿ ಇಡೀ ಜೀವಮಾನ ಚೌಕಾಸಿ ಕೇಳಿದವರಿಗೆ ತಮ್ಮ ಗಂಟೆಗೆ ಬೆಲೆ ಕಟ್ಟೋದೇ ಮರೆತಿರುತ್ತೆ. ನಾನು ಆಫೀಸಿನ ಅಭ್ಯಾಸದಂತೆ ಶೀಟ್ ತೆರೆದು ಗಂಟೆ, ಚರ್ಮ, ಎಣ್ಣೆ, ಬಸ್ ಚಾರ್ಜು ಎಲ್ಲ ಬರೆದೆ. ಬಂದ ಮೊತ್ತ ನೋಡಿ ದೊಡ್ಡಪ್ಪ "ಇಷ್ಟು ಯಾರ್ ಕೊಡ್ತಾರ್ಲಾ?" ಅಂದರು. ಕೊಟ್ಟರು. ಅರ್ಜೆಂಟೀನಾದ್ದಕ್ಕಿಂತ ಅದು ಕಡಿಮೆಯೇ ಇತ್ತು.

ಹೆಸರಿನ ಪ್ರಶ್ನೆ ಬೆಲೆಗಿಂತ ದೊಡ್ಡದು. ಕೊಲ್ಹಾಪುರಿ ಚಪ್ಪಲಿ ಗೊತ್ತಲ್ಲ. 2019ರಲ್ಲಿ ಅದಕ್ಕೆ ಸಿಕ್ಕ ಜಿಐ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. ಅಥಣಿಯ ಕೈಗಳು ಹೊಲಿದ ಚಪ್ಪಲಿಯೂ ಪೇಟೆಯಲ್ಲಿ ಕೊಲ್ಹಾಪುರದ ಹೆಸರಲ್ಲೇ ಹೋಗುತ್ತೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಷೋನಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ ಮೂಲ ಹೇಳದೇ ಹೋದಾಗ ದೇಶವೇ ಗದ್ದಲ ಎಬ್ಬಿಸಿತು, ಕಂಪನಿ ಆಮೇಲೆ ಒಪ್ಪಿಕೊಂಡಿತು. ಒಳ್ಳೇದೇ. ಆದರೆ ಆ ಗದ್ದಲದಲ್ಲೂ ಹೊಲಿದವರೊಬ್ಬರ ಹೆಸರು ನಮಗೆಷ್ಟು ಜನಕ್ಕೆ ನೆನಪಿದೆ?

ಅದಕ್ಕೇ ನಾವು ಮಾಡಿದ ಲಗಾಮಿನ ಒಳಬದಿಗೆ ಒಂದು ಸಣ್ಣ ಚರ್ಮದ ಚೂರು ಹೊಲಿದು, ಅದರ ಮೇಲೆ ದೊಡ್ಡಪ್ಪನ ಹೆಸರು ಒತ್ತಿದ್ದೀನಿ. ಕನ್ನಡದಲ್ಲೇ. ಅವರು ಅದನ್ನ ಓದಲಾರರು. ಹೆಬ್ಬೆರಳಲ್ಲಿ ಮುಟ್ಟಿ ನೋಡಿಕೊಂಡರು.

ಕಲಿಯೋ ಮನಸ್ಸಿದ್ದರೆ

ಮೊದಲೇ ಚರ್ಮಕ್ಕೆ ಕೈ ಹಾಕಬೇಡಿ. ಹತ್ತಿ ಹಗ್ಗದಲ್ಲಿ ನಾಲ್ಕೆಳೆ ದುಂಡು ಜಡೆ ಕಲಿಯಿರಿ, ಕೀ ಚೈನ್ ಮಾಡಿ. ಕೈಗೆ ಸಮನಾದ ಬಿಗಿ ಬಂದ ಮೇಲೆ ಆರೆಳೆ, ಎಂಟೆಳೆ. ಆಮೇಲೆ ತೊಗಟೆ ಹದದ ಚರ್ಮದ ಎಳೆ. ಕೊನೆಗೆ ಹಸಿ ಚರ್ಮ. ತಮಟೆ, ಮೃದಂಗ ಕಟ್ಟೋರ ಹತ್ತಿರ ಕೇಳಿದರೆ ಒಳ್ಳೇದು ಸಿಗುತ್ತೆ. ಪೆಟ್ ಶಾಪಿನ ಮೂಳೆಯನ್ನ ನೆನೆಸಿ ಬಿಚ್ಚಿ ಅಭ್ಯಾಸ ಮಾಡಬಹುದು, ಆದರೆ ಅದನ್ನ ಪ್ರಾಣಿಗೆ ಕಟ್ಟೋ ಸಾಮಾನಿಗೆ ಬಳಸಬೇಡಿ.

ಕುದುರೆ ಮೇಲೆ ಹಾಕೋದಾದರೆ ಭಾರ ಕಟ್ಟಿ ಪರೀಕ್ಷೆ ಮಾಡದೆ ಹಾಕಬೇಡಿ. ಮಳೆಯಲ್ಲಿ ಹಸಿ ಚರ್ಮದ ಲಗಾಮು ಬೇಡ. ಕುದುರೆಯನ್ನು ಕಟ್ಟಿಹಾಕುವ ಮುಖಪಟ್ಟಿ ನೈಲಾನಿಗಿಂತ ಚರ್ಮದ್ದೇ ವಾಸಿ. ಹೆದರಿ ಜಗ್ಗಿದಾಗ ಚರ್ಮ ಕಿತ್ತು ಕುದುರೆಯ ಕತ್ತು ಉಳಿಯುತ್ತೆ, ನೈಲಾನ್ ಕೀಳಲ್ಲ.

ಡಿಸೆಂಬರ್-ಜನವರಿ ಹೊತ್ತಿಗೆ ದೊಡ್ಡಬಳ್ಳಾಪುರದ ಹತ್ತಿರ ಘಾಟಿಯ ದನಗಳ ಜಾತ್ರೆಗೆ ಹೋಗಿ ಬನ್ನಿ. ಮೂಗುದಾರ, ಗೆಜ್ಜೆಪಟ್ಟಿ, ಬಾರುಕೋಲು ಹರಡಿಕೊಂಡು ಕೂತಿರ್ತಾರೆ. ಒಂದನ್ನ ಕೈಗೆತ್ತಿಕೊಂಡು ಎಳೆ ಎಣಿಸಿ. ಯಾರು ಮಾಡಿದ್ದು ಅಂತ ಕೇಳಿ. ದಯವಿಟ್ಟು ಚೌಕಾಸಿ ಮಾಡಬೇಡಿ.

ನಿಮ್ಮೂರ ಮನೆಯ ಅಟ್ಟದ ಮೇಲೋ ಕೊಟ್ಟಿಗೆಯ ಗೂಟದಲ್ಲೋ ಹಳೇ ಮಿಣಿ, ಬಾರುಕೋಲು, ಜಟಕಾ ಕುದುರೆಯ ಲಗಾಮು ಇದ್ದರೆ ಒಂದು ಫೋಟೋ ತೆಗೆದು ಈ ಪುಟದ ಓದುಗರ ಅಂಕಣಕ್ಕೆ ಕಳಿಸಿ. ಎಳೆ ಎಷ್ಟು, ಚರ್ಮ ಹಸಿಯೋ ಹದದ್ದೋ ಅಂತ ದೊಡ್ಡಪ್ಪನಿಗೆ ತೋರಿಸಿ ಬರೀತೀನಿ. ಕಳಿಸೋಕೆ ಮೊದಲು ಮನೆಯ ಹಿರಿಯರನ್ನ ಒಂದು ಮಾತು ಕೇಳಿ: ಇದನ್ನ ಹೆಣೆದವರು ಯಾರು? "ಕೇರಿಯವರು" ಅಂತ ಉತ್ತರ ಬಂದರೆ, ಅಲ್ಲಿಗೇ ಬಿಡಬೇಡಿ. ಅವರ ಹೆಸರು ಕೇಳಿ.